ಬೇರೆ ಹೆಸರುಗಳಿದ್ದರೆ ನಮೂದಿಸಿ

ಬದಿಯಡ್ಕದಿಂದ ಪೊಲೀಸ್ ಬಂದಾಗ
ನನ್ನ ಮಡಿಲ ತಡ್ಪೆಯಲ್ಲಿ ಆರುನೂರು ಬೀಡಿ,
ಕಟ್ಟಲಿಕ್ಕೆ ಇನ್ನೂ ಇನ್ನೂರು.
ಗೇರುಮರದಡಿ ಬೈಕು ನಿಲ್ಲಿಸಿ ಕೇಳಿದ
ಮಲಯಾಳದಲ್ಲಿ, ನಿಧಾನಕ್ಕೆ, ಮಕ್ಕಳಿಗೆ ಹೇಳುವ ಹಾಗೆ:
ಜಲಜಾಕ್ಷಿ ಎಂಬವಳ ಮನೆ ಇದುವೇ?

ಇವರು ಬಾಳೆಬುಡದಿಂದ ಎದ್ದು
ಹಿತ್ತಿಲ ದಾರಿಯಲ್ಲಿ ಎಲ್ಲಿಗೋ ಹೋದರು.
ತಪ್ಪು ಮಾಡದವರಿಗೂ ಒಂದು ಹಿತ್ತಿಲು ಬೇಕು.

ನಾದಿನಿ ಮಸ್ಕತ್ತಿನಲ್ಲಿ.
ಅಡಿಲೇಡಿನ ಯಾವುದೋ ಮನೆಯಲ್ಲಿ ಹದಿನಾಲ್ಕು ಮಕ್ಕಳಂತೆ,
ನಡೆಯಲಾರದವರು, ಕೆಲವರು ನುಂಗಲಾರದವರು;
ಉಣಿಸಲು ಇವಳು ಆದೀತಂತೆ,
ಇವಳು ಯಾರೆಂದು ಎರಡು ದೇಶದ ಪೊಲೀಸರು ಹೇಳಿದರೆ.
ತಿಂಗಳಿಂದ ರಾತ್ರಿ ಫೋನಿನಲ್ಲಿ ಅರ್ಜಿಯದ್ದೇ ಮಾತು.

ಮೊದಲ ಗೆರೆಯಲ್ಲೇ ಎಡವಿದ್ದಳು.
ಪಾಸ್‌ಪೋರ್ಟಿನಲ್ಲಿ ಹೆಸರ ಕೊನೆಗೆ ವೈ,
ಪೆರ್ಲದ ಶಾಲೆಯ ಟೀಸಿಯಲ್ಲಿ ಐ.
ಕ್ಷಕ್ಕೆ ಗುಡಿಸು ಕೊಟ್ಟರೆ ಕ್ಷಿ, ನಮಗೆ ಅಷ್ಟೇ ಗೊತ್ತು;
ದಾಟಿಸಿದ ಗುಮಾಸ್ತರು ಯಾರ್ಯಾರೋ.
ಮಾವ ಐತ್ತು ನಾಯ್ಕರು ರೇಷನ್ ಕಾರ್ಡಿನಲ್ಲಿ ಐತ,
ಆಧಾರಿನಲ್ಲಿ ಅಯಿತ್ತ,
ಸತ್ತ ಸರ್ಟಿಫಿಕೇಟಿನಲ್ಲಿ ಮಾತ್ರ ಸರಿಯಾಗಿ ಐತ್ತು.

ಬೇರೆ ಹೆಸರುಗಳಿದ್ದರೆ ನಮೂದಿಸಿ, ಎಂದಿತ್ತಂತೆ.
ಮನೆಯಲ್ಲಿ ಜಲ್ಲು.
ಬೀಡಿ ಬ್ರಾಂಚಿನಲ್ಲಿ ನಲ್ವತ್ತೇಳು, ಪಾಸ್‌ಬುಕ್ಕಿನ ನಂಬ್ರ.
ಅವಳು ನೋಡಿಕೊಂಡ ಅರಬಿ ಅಜ್ಜಿ ಕರೆದದ್ದು ಜಮೀಲಾ,
ಮೊದಲಿದ್ದ ಹುಡುಗಿಯ ಹೆಸರು ಅದು,
ಹೊಸತು ಕಲಿಯಲು ಅಜ್ಜಿಗೆ ಪುರುಸೊತ್ತಿರಲಿಲ್ಲ.
‘ಅನ್ವಯಿಸುವುದಿಲ್ಲ’ ಎಂದು ಒತ್ತಿದೆ ಅತ್ತಿಗೆ, ಅಂದಳು.

ಬೆರಳಚ್ಚು ಮೂರು ಸಲ ತೆಗೆದರಂತೆ.
ಗಾಜು ಒರೆಸಿ, ಕೈ ತೊಳೆಸಿ, ಮತ್ತೆ.
ಗೆರೆಯೇ ಬೀಳುವುದಿಲ್ಲ, ಏನು ಕೆಲಸ ಮಾಡಿದ್ದೀ?
ಬೀಡಿಗೆ ಅರಬಿಯಲ್ಲಿ ಏನೆನ್ನುತ್ತಾರೋ,
‘ಎಲೆ’ ಅಂದಳಂತೆ ಇವಳು. ಅವನು ತಲೆಯಾಡಿಸಿದನಂತೆ.
ಕಿರುಬೆರಳು ಮಾತ್ರ ಚೆಂದಕ್ಕೆ ಬಂತು,
ಯಾವ ಕೆಲಸಕ್ಕೂ ಸಿಗದೆ ಉಳಿದದ್ದು ಅದೊಂದೇ.
ನಕ್ಕೆವು. ರೇಷನ್ ಅಂಗಡಿಯ ಯಂತ್ರ
ನನ್ನನ್ನೂ ಗುರುತಿಸುವುದಿಲ್ಲ ಎಂದು ನಾನು ಹೇಳಲಿಲ್ಲ.

ನಗದೆ ಹೇಳಿದ್ದು ಒಂದೇ:
ಹತ್ತು ವರ್ಷದ ವಿಳಾಸ ತಿಂಗಳು ಬಿಡದೆ ಬರೆಯಬೇಕು.
ಅಜ್ಜಿ ತೀರಿದ ಮೇಲೆ ಮಗ
ಸಂಬಳ ಕೊಡಲಿಲ್ಲ, ಪಾಸ್‌ಪೋರ್ಟೂ ಕೊಡಲಿಲ್ಲ,
ಓಡಿಹೋದವಳೆಂದು ಇವಳ ಪಟ ಪೇಪರಿಗೆ ಹಾಕಿಸಿದ.
ಓಡಿದ್ದು ಹೌದು, ಚಪ್ಪಲಿ ಕೈಯಲ್ಲಿ ಹಿಡಿದು.
ಅದೆಲ್ಲ ಇತ್ಯರ್ಥವಾಗಿದೆ, ಕಾಗದ ಉಂಟು.
ಆದರೆ ಆ ಹನ್ನೊಂದು ತಿಂಗಳು
ಎಲ್ಲಿದ್ದಳೆಂಬುದಕ್ಕೆ ಕಾಗದವಿಲ್ಲ.
ನಾನು ಕೇಳಿಲ್ಲ. ಅವಳೂ ಹೇಳಿಲ್ಲ.

ನೆರೆಯವರ ಸಾಕ್ಷಿ ಬೇಕು, ಎಂದ ಪೊಲೀಸ್.
ಇರುವ ನೆರೆ ಒಂದೇ, ಅದೂ ಮಾತಿಲ್ಲದ್ದು.
ಕಟ್ಟಪುಣಿಯ ಕಲ್ಲಿನ ಜಗಳವಾಗಿ ಮೂರು ಮಳೆಗಾಲ.
ಕರೆಯದೆಯೇ ಬಂದರು ಮಮ್ಮುಂಞಿಚ್ಚ,
ಜಗಲಿಯ ತುದಿಯಲ್ಲಿ ನಿಂತರು, ಕೂರಲಿಲ್ಲ.
ಹುಡುಗಿ ಹೇಗೆ?
‘ನಲ್ಲ ಕುಟ್ಟಿಯಾಣ್ ಸಾರೇ.’
ಅಷ್ಟೇ. ಪೆನ್ನು ತೆಗೆದುಕೊಂಡು ಕನ್ನಡದಲ್ಲಿ ಹೆಸರು ಬರೆದರು,
ಮಮ್ಮುವಿನ ಒತ್ತಕ್ಷರ ಗೆರೆಯ ಕೆಳಗಿಳಿಯಿತು.
ಇದೇನು, ಮಲಯಾಳ ಬರುವುದಿಲ್ಲವೇ?
‘ಮಾತಾಡ್ಲಿಕ್ಕೆ ಬರ್ತದೆ. ಒಪ್ಪ ಹಾಕ್ಲಿಕ್ಕೆ ಕಲಿತದ್ದು ಇದೇ.’

ಬೈಕಿನ ಸದ್ದು ಇಳಿಜಾರಿನಲ್ಲಿ ಕಾಣೆಯಾದ ಮೇಲೆ
ನನ್ನ ಮುಖ ನೋಡದೆ ಹೇಳಿದರು:
‘ವಾದಿ ಕಬೀರಿನಲ್ಲಿ ನನ್ನ ತಂಗಿಯ ಮಗನ ಅಂಗಡಿ ಇತ್ತಲ್ಲ,
ಖಲಂದರಿಂದು,
ಅದರ ಹಿಂದಿನ ಕೋಣೆ. ನೀರುಳ್ಳಿ ಚೀಲದ ಎಡೆಯಲ್ಲಿ.
ಅವನ ಹೆಂಡತಿ ಹೊರಗಿಂದ ಬೀಗ ಹಾಕಿ ಅನ್ನ ಕೊಡ್ತಿದ್ದಳು.
ಬರೆಯೂದಾದ್ರೆ ಬರೀಲಿ ಅಂತ ಹೇಳು.
ಖಲಂದರ್ ಊರಿಗೆ ಬಂದಾಯ್ತು, ಇನ್ನು ಅವನಿಗೇನಿಲ್ಲ.’

ಮೂರು ಮಳೆಗಾಲ ಬೇಲಿಯ ಆಚೆ ನಿಂತು
ನನ್ನ ತವರನ್ನೂ ಬಿಡದೆ ಬೈದ ಬಾಯಿ ಅದು.
ಇದೊಂದು ಅದರಲ್ಲಿ ಬಂದಿರಲಿಲ್ಲ.

ಚಾ ಮಾಡ್ತೇನೆ ಅಂದೆ. ಬೇಡ ಅಂದರು.
ಹೋಗುವಾಗ ಕಟ್ಟಪುಣಿಯಲ್ಲಿ ನಿಂತು
ಆ ಕಲ್ಲನ್ನು ಕಾಲಲ್ಲಿ ಒತ್ತಿ ನೋಡಿದರು.
ಅದು ಒಂದು ಗೇಣು ನಮ್ಮ ಕಡೆಗೇ ಉಂಟು.
ಹಾಗೆಯೇ ಬಿಟ್ಟರು.

ನನಗೆ ಲೆಕ್ಕ ತಪ್ಪಿತ್ತು.
ತಡ್ಪೆ ಮಗುಚಿ, ಒಂದರಿಂದ ಎಣಿಸಿದೆ.